ಮನೆ ವರ್ಕ್‌ಶಾಪಿಗೆ ಕಬ್ಬಿಣ ಕೊಯ್ಯುವ ಬ್ಯಾಂಡ್ ಸಾ: ಕೊಳ್ಳೋದಾ, ಕಟ್ಟೋದಾ?

ಮನೆ ಹಿಂದಿನ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ವೆಲ್ಡಿಂಗ್ ಸೆಟ್ ಇಟ್ಟುಕೊಂಡವರು ಕಬ್ಬಿಣ ಕತ್ತರಿಸೋದು ಸಾಮಾನ್ಯವಾಗಿ ಎರಡೇ ರೀತಿ. ಕೈಯಲ್ಲಿ ಹಿಡಿಯುವ ಗ್ರೈಂಡರ್, ಇಲ್ಲಾಂದ್ರೆ 14 ಇಂಚಿನ ಚಾಪ್ ಸಾ (ಕಲ್ಲಿನ ಚಕ್ರ ಇಳಿಸಿ ಕತ್ತರಿಸುವ ಮೆಷೀನು). ಎರಡೂ ಕೆಲಸ ಮಾಡುತ್ತವೆ, ಇಲ್ಲ ಅನ್ನೋಕಾಗಲ್ಲ. ಆದರೆ ಚಾಪ್ ಸಾ ಶುರುವಾಯಿತು ಅಂದರೆ ಕಿಡಿ, ಹೊಗೆ, ಕಿವಿ ತೂತಾಗುವ ಸದ್ದು. 30×40 ಸೈಟಿನಲ್ಲಿ ಕಾಂಪೌಂಡ್ ಆಚೆಗೇ ಪಕ್ಕದ ಮನೆಯವರ ಅಡುಗೆಮನೆ ಇರುತ್ತೆ, ಅವರು ಎಷ್ಟು ದಿನ ಸುಮ್ನಿರುತ್ತಾರೆ? ಮೇಲಾಗಿ ಒಂದೊಂದು ಕಟ್‌ಗೂ 3 ಮಿ.ಮೀ. ಮಾಲು ಪುಡಿಯಾಗಿ ಹೋಗುತ್ತದೆ. ಇಎನ್8 ತರದ, ಕಾರ್ಬನ್ ಸ್ವಲ್ಪ ಜಾಸ್ತಿ ಇರುವ ಸ್ಟೀಲ್ ಆದರೆ ಬಿಸಿಗೆ ತುದಿ ಗಟ್ಟಿಯಾಗಿ ಆಮೇಲೆ ಡ್ರಿಲ್ ಕೂಡ ಇಳಿಯಲ್ಲ.

ಬ್ಯಾಂಡ್ ಸಾ ಅಂದರೆ ಎರಡು ಚಕ್ರಗಳ ಮೇಲೆ ಬೆಲ್ಟಿನ ಹಾಗೆ ಸುತ್ತುವ ಉದ್ದ ಬ್ಲೇಡಿನ ಗರಗಸ. ಅದು ನಿಧಾನ. ಆದರೆ ರಾಡನ್ನು ವೈಸ್‌ನಲ್ಲಿ ಕಚ್ಚಿಸಿ ಬಿಟ್ಟರೆ ಅದರ ಪಾಡಿಗೆ ಅದು ಕೊಯ್ಯುತ್ತಿರುತ್ತದೆ, ಅದರ ಪಕ್ಕದಲ್ಲೇ ನಿಂತು ನೀವು ಮುಂದಿನ ತುಂಡಿಗೆ ಗುರುತು ಹಾಕಬಹುದು. ಕಿಡಿ ಇಲ್ಲ. ಸದ್ದು ಮಾತಾಡುವಷ್ಟೇ. ಕಟ್ ಆದ ತುದಿಯನ್ನು ತಕ್ಷಣ ಮುಟ್ಟಿದರೂ ಕೈ ಸುಡುವುದು ಅಪರೂಪ.

ಕೊಳ್ಳಲು ಹೊರಟವರು ಮೊದಲು ಕೇಳೋದು ಮೋಟರ್ ಎಷ್ಟು ಎಚ್‌ಪಿ ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ಯಂತ್ರದಲ್ಲಿ ಕೆಲಸ ಮಾಡೋದು ಬ್ಲೇಡು. ಉಳಿದದ್ದೆಲ್ಲ ಆ ಬ್ಲೇಡನ್ನು ನೇರವಾಗಿ, ಬಿಗಿಯಾಗಿ, ಸರಿಯಾದ ವೇಗದಲ್ಲಿ ಓಡಿಸೋಕೆ ಇರುವ ಚೌಕಟ್ಟು. ಹಾಗಾಗಿ ನಾನು ಬ್ಲೇಡಿನಿಂದಲೇ ಶುರು ಮಾಡುತ್ತೇನೆ.

ಮೊದಲ ಹೆಜ್ಜೆ: ಬ್ಲೇಡ್ ಸಿಗುತ್ತಾ ನೋಡಿ

ಮೆಷೀನ್ ನೋಡುವ ಮೊದಲು ನಿಮ್ಮೂರಲ್ಲಿ ಬ್ಯಾಂಡ್ ಸಾ ಬ್ಲೇಡ್ ವೆಲ್ಡ್ ಮಾಡಿಕೊಡುವ ಅಂಗಡಿ ಎಲ್ಲಿದೆ ಪತ್ತೆ ಮಾಡಿ. ಬೆಂಗಳೂರಾದರೆ ಪೀಣ್ಯದ ಕಡೆ ಹುಡುಕಿ. ಬೆಳಗಾವಿಯಲ್ಲಿ ಉದ್ಯಮಬಾಗ, ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆ ಕಡೆ, ಮಂಗಳೂರಲ್ಲಿ ಬೈಕಂಪಾಡಿ. ಕಾರ್ಖಾನೆಗಳಿದ್ದ ಕಡೆ ಈ ಕೆಲಸದವರೂ ಇರುತ್ತಾರೆ. ಅವರ ಹತ್ತಿರ ದೊಡ್ಡ ಸುರುಳಿಯಲ್ಲಿ ಬ್ಲೇಡ್ ಇರುತ್ತದೆ, ನೀವು ಹೇಳಿದ ಅಳತೆಗೆ ಕತ್ತರಿಸಿ, ತುದಿಗೆ ತುದಿ ಕೂಡಿಸಿ ಬಟ್ ವೆಲ್ಡ್ ಮಾಡಿ, ಗಂಟು ಗ್ರೈಂಡ್ ಮಾಡಿ ಕೊಡುತ್ತಾರೆ. ಬಿಪಿಕೊ, ಲೆನಾಕ್ಸ್, ವೈಕಸ್ ಹೀಗೆ ಹೆಸರುಗಳು ಕೇಳಿಬರುತ್ತವೆ.

ಕೇಳುವಾಗ ಉದ್ದ, ಅಗಲ, ದಪ್ಪ ಮೂರನ್ನೂ ಹೇಳಬೇಕು. ಪ್ರಪಂಚದಲ್ಲೆಲ್ಲ ಸಿಗುವ ಚಿಕ್ಕ 4×6 ಇಂಚಿನ (ಅಂದರೆ ಹೆಚ್ಚೆಂದರೆ ಅಷ್ಟು ಅಳತೆಯ ಮಾಲು ಕೊಯ್ಯುವ) ಮೆಷೀನಿಗೆ 1638×13×0.65 ಮಿ.ಮೀ. ಅದಕ್ಕಿಂತ ಒಂದು ಸೈಜ್ ದೊಡ್ಡದಾದ 7×12ಕ್ಕೆ ಬಹಳ ಕಡೆ ಸುಮಾರು 2360×20×0.9. ಕೈಯಲ್ಲಿ ಹಿಡಿಯುವ ದೊಡ್ಡ ಪೋರ್ಟಬಲ್‌ಗೆ 1140 ಮಿ.ಮೀ. ಉದ್ದ, 13 ಅಗಲ, 0.5 ದಪ್ಪ. ಮಾರುವವರು ವಿಚಿತ್ರ ಅಳತೆ ಹೇಳಿದರೆ, ಅದನ್ನು ಯಾರು ವೆಲ್ಡ್ ಮಾಡಿಕೊಡುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಕಾರ್ಬನ್ ಸ್ಟೀಲ್ ಬ್ಲೇಡ್ ಅಗ್ಗ. ಆದರೆ ಬೈಮೆಟಲ್ ತಗೊಳ್ಳಿ, ಇದರಲ್ಲಿ ಚೌಕಾಸಿ ಬೇಡ. ಬೈಮೆಟಲ್‌ನಲ್ಲಿ ಬೆನ್ನು ಬಳುಕುವ ಸ್ಪ್ರಿಂಗ್ ಸ್ಟೀಲಿನದು, ಹಲ್ಲಿನ ಅಂಚು ಮಾತ್ರ ಹೈ ಸ್ಪೀಡ್ ಸ್ಟೀಲ್. ಎಂ42 ಅಂತ ಬರೆದಿದ್ದರೆ ಅದರಲ್ಲಿ ಶೇ. 8ರಷ್ಟು ಕೋಬಾಲ್ಟ್ ಇರುತ್ತದೆ, ಬಿಸಿಯಾದರೂ ಹಲ್ಲು ಮೆತ್ತಗಾಗಲ್ಲ. ಹೊಸ ಮೆಷೀನಿನ ಜೊತೆ ಪುಕ್ಕಟೆ ಬರುವ ಬ್ಲೇಡ್ ಸಾಮಾನ್ಯವಾಗಿ ಕಾರ್ಬನ್ ಸ್ಟೀಲಿನದು. ಅದರಲ್ಲಿ ಕಟ್ ಮಾಡಿ ನೋಡಿ ಮೆಷೀನೇ ಸರಿ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ಇನ್ನು ಹಲ್ಲು. ಯಾವಾಗಲೂ ಕನಿಷ್ಠ ಮೂರು ಹಲ್ಲು ಮಾಲಿನ ಒಳಗಿರಬೇಕು. ಇಲ್ಲದಿದ್ದರೆ ತೆಳು ಅಂಚು ಎರಡು ಹಲ್ಲಿನ ನಡುವೆ ಸಿಕ್ಕಿಕೊಂಡು ಹಲ್ಲು ಕಿತ್ತು ಬರುತ್ತದೆ, ಒಂದು ಹೋದರೆ ಅದರ ಹಿಂದಿನವೂ ಸಾಲಾಗಿ ಹೋಗುತ್ತವೆ. ಹಾಗಂತ ತೀರಾ ಸಣ್ಣ ಹಲ್ಲು ಹಾಕಿ ದಪ್ಪ ರಾಡ್ ಕೊಯ್ಯಲು ಹೋದರೆ ಹಲ್ಲಿನ ಸಂದಿ ಪುಡಿಯಿಂದ ತುಂಬಿ ಬ್ಲೇಡು ಉಜ್ಜುತ್ತದೆಯೇ ಹೊರತು ಕೊಯ್ಯಲ್ಲ. ಇಂಚಿಗೆ 10/14 ಹಲ್ಲಿನ ಬ್ಲೇಡ್ ಮನೆ ಕೆಲಸಕ್ಕೆ ಒಳ್ಳೆ ನಡುದಾರಿ. ಅದರಲ್ಲಿ ಹಲ್ಲಿನ ಅಂತರ ಸರಾಸರಿ 2 ಮಿ.ಮೀ. ಚಿಲ್ಲರೆ, 40 ಮಿ.ಮೀ. ರಾಡಿನಲ್ಲಿ ಹತ್ತೊಂಬತ್ತು ಹಲ್ಲು ಕಚ್ಚಿರುತ್ತವೆ, 6 ಮಿ.ಮೀ. ಫ್ಲಾಟ್ (ಚಪ್ಪಟೆ ಪಟ್ಟಿ) ನಿಲ್ಲಿಸಿ ಕೊಯ್ದರೂ ಮೂರಕ್ಕೆ ಹತ್ತಿರ. 75 ಮಿ.ಮೀ. ಗಟ್ಟಿ ರಾಡ್ ಜಾಸ್ತಿ ಕೊಯ್ಯುವವರು 6/10 ಇಟ್ಟುಕೊಳ್ಳಿ. ಬರೀ 2 ಮಿ.ಮೀ. ಚೌಕ ಪೈಪಿನ ಕೆಲಸವಾದರೆ 18 ಅಥವಾ 24. 2 ಮಿ.ಮೀ.ನಲ್ಲಿ 24 ಹಲ್ಲಿನದೂ ಎರಡೇ ಹಲ್ಲು ಕಚ್ಚೋದು, ಅದಕ್ಕೆ ಭಾರ ಕಮ್ಮಿ ಬಿಟ್ಟು ನಿಧಾನ ಇಳಿಸಬೇಕು.

10/14 ಅಂತ ಎರಡು ಅಂಕಿ ಇರೋದು ಹಲ್ಲಿನ ಅಂತರ ಬೇಕಂತಲೇ ಏರುಪೇರು ಮಾಡಿರುವುದಕ್ಕೆ. ಅದರಿಂದ ನಡುಕ ಕಮ್ಮಿ, ಕಿರ್ರೆನ್ನುವ ಸದ್ದೂ ಕಮ್ಮಿ.

ಎರಡನೇದು: ವೇಗದ ಲೆಕ್ಕ

ಮರ ಕೊಯ್ಯುವ ಬ್ಯಾಂಡ್ ಸಾಗೆ ಕಬ್ಬಿಣದ ಬ್ಲೇಡ್ ಹಾಕಿದರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಆಗಲ್ಲ. ಮರದ್ದರಲ್ಲಿ ಬ್ಲೇಡ್ ನಿಮಿಷಕ್ಕೆ ಹೆಚ್ಚುಕಮ್ಮಿ 900 ಮೀಟರ್ ಓಡುತ್ತದೆ. ಎಂಎಸ್‌ಗೆ (ಸಾದಾ ಮೈಲ್ಡ್ ಸ್ಟೀಲ್) ಬೈಮೆಟಲ್ ಬ್ಲೇಡ್ ಒಣದಾಗಿ ಓಡಿಸಿದರೆ 40ರಿಂದ 60 ಮೀಟರ್ ಸಾಕು, ಸ್ಟೇನ್‌ಲೆಸ್‌ಗೆ 20ರಿಂದ 30. ಕಾರ್ಬನ್ ಬ್ಲೇಡಾದರೆ ಎಂಎಸ್‌ಗೂ 30ರ ಆಸುಪಾಸು. 900ರಲ್ಲಿ ಎಂಎಸ್ ಮುಟ್ಟಿಸಿದರೆ ಹಲ್ಲು ಕೆಂಪಾಗಿ ಕ್ಷಣದಲ್ಲಿ ಮೊಂಡಾಗುತ್ತದೆ. ಅಲ್ಯೂಮಿನಿಯಂ ಬೇರೆ ಕತೆ, ಅದು 100 ಮೀಟರ್ ದಾಟಿದರೂ ಆರಾಮಾಗಿ ಕೊಯ್ಯುತ್ತೆ.

ಲೆಕ್ಕ ಸುಲಭ. ಚಕ್ರದ ವ್ಯಾಸವನ್ನು ಮೀಟರಿನಲ್ಲಿ ತಗೊಂಡು 3.14ರಿಂದ ಗುಣಿಸಿ, ಅದನ್ನು ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದರಿಂದ ಗುಣಿಸಿ. 300 ಮಿ.ಮೀ. ಚಕ್ರ ಒಂದು ಸುತ್ತಿಗೆ 0.94 ಮೀಟರ್ ಓಡಿಸುತ್ತದೆ. 1440 ಆರ್‌ಪಿಎಂ ಮೋಟರಿಗೆ 30:1 ವರ್ಮ್ ಗೇರ್ ಬಾಕ್ಸ್ ಹಾಕಿದರೆ 48 ಸುತ್ತು, ಅಂದರೆ ನಿಮಿಷಕ್ಕೆ 45 ಮೀಟರ್. ಎಂಎಸ್‌ಗೆ ಹೇಳಿ ಮಾಡಿಸಿದ ಹಾಗೆ. ಕಟ್ಟುವವರು ಈ ಜೋಡಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೊಳ್ಳೋದಾದರೆ ಯಾವುದು?

ನನ್ನ ಪ್ರಕಾರ ಗೇಟು, ಗ್ರಿಲ್, ಸ್ಟ್ಯಾಂಡು, ಟೇಬಲ್ಲು ಮಾಡುವ ಹವ್ಯಾಸಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಪೋರ್ಟಬಲ್ ಬ್ಯಾಂಡ್ ಸಾ ಸಾಕು. ಮಕಿತಾ 2107ಎಫ್ ತರದ್ದು 120 ಮಿ.ಮೀ. ದುಂಡು ಮಾಲನ್ನು ನುಂಗುತ್ತದೆ, ವೇಗ ಹೆಚ್ಚುಕಮ್ಮಿ ಮಾಡಬಹುದು. ಬ್ಯಾಟರಿಯ ಪುಟ್ಟ ಮಾಡೆಲ್‌ಗಳೂ ಇವೆ, ಅವುಗಳಲ್ಲಿ 63 ಮಿ.ಮೀ. ಆಸುಪಾಸು ಹೋಗುತ್ತೆ. ಇದನ್ನು ಒಂದು ಸ್ಟ್ಯಾಂಡಿಗೆ ನಿಲ್ಲಿಸಿ, 6 ಮಿ.ಮೀ. ಪ್ಲೇಟಿನಲ್ಲಿ ಸೀಳು ಕೊಯ್ದು ಟೇಬಲ್ ಮಾಡಿಕೊಂಡರೆ ಫ್ಲಾಟಿನಲ್ಲಿ ಬಾಗಿದ ಆಕಾರಗಳನ್ನೂ ಕೊಯ್ಯಬಹುದು. ಆದರೆ ಟ್ರಿಗರ್‌ಗೆ ಕೇಬಲ್ ಟೈ ಸುತ್ತಿ ಸದಾ ಆನ್ ಇಡುವ ಉಪಾಯ ಬೇಡ. ಕಾಲಿನ ಸ್ವಿಚ್ ಹಾಕಿ, ಕಾಲು ತೆಗೆದರೆ ನಿಲ್ಲಬೇಕು.

50 ಮಿ.ಮೀ.ಗಿಂತ ದಪ್ಪ ರಾಡ್ ವಾರಕ್ಕೆ ಹಲವು ಸಲ ಕೊಯ್ಯಬೇಕು, ಮನೇಲಿ ಲೇತ್ ಇದೆ ಅನ್ನೋರಿಗೆ 4×6 ಅಡ್ಡ ಮೆಷೀನ್. ಅರ್ಧ ಎಚ್‌ಪಿ ಮೋಟರ್, ಸಿಂಗಲ್ ಫೇಸ್, ನಿಲ್ಲಿಸಿದರೆ ಲಂಬ ಗರಗಸವೂ ಆಗುತ್ತದೆ. ಇದರ ಕಾಲುಗಳು ಬಹುಪಾಲು ತಗಡಿನವು, ಅಲ್ಲಾಡುತ್ತವೆ. ಬಂದ ದಿನವೇ ಆ ಕಾಲು ಬಿಚ್ಚಿಟ್ಟು ಆಂಗಲ್ ಐರನ್‌ನಲ್ಲಿ ಹೊಸ ಸ್ಟ್ಯಾಂಡ್ ಮಾಡಿ. ಗೇರ್ ಬಾಕ್ಸಿನ ಮುಚ್ಚಳ ತೆಗೆದು ಒಳಗೆ ಆಯಿಲ್ ನಿಜವಾಗಲೂ ಇದೆಯಾ ನೋಡಿ. ಬೆಲೆ ಕೇಳುವಾಗ ಜಿಎಸ್‌ಟಿ ಮತ್ತು ಸಾಗಣೆ ಸೇರಿದೆಯಾ ಅಂತ ಕೇಳೋದು ಮರೀಬೇಡಿ, ಕಬ್ಬಿಣದ ಸಾಮಾನಿಗೆ ಲಾರಿ ಬಾಡಿಗೆ ಚೆನ್ನಾಗೇ ಬೀಳುತ್ತದೆ.

ಸೆಕೆಂಡ್ ಹ್ಯಾಂಡ್ ಅಂದರೆ ನನಗೆ ಮೋಹ ಜಾಸ್ತಿ. ಕಾರ್ಖಾನೆಯವರು ದೊಡ್ಡ ಆಟೊಮ್ಯಾಟಿಕ್ ತಂದಾಗ ಹಳೇ ಚಿಕ್ಕ ಮೆಷೀನ್ ಗುಜರಿ ಲೆಕ್ಕದಲ್ಲಿ ಹೊರಗೆ ಬರುತ್ತದೆ. ಬಣ್ಣ ನೋಡಬೇಡಿ. ಬ್ಲೇಡ್ ತೆಗೆಸಿ ಚಕ್ರದ ಅಂಚಿನ ಮೇಲೆ ಉಗುರು ಓಡಿಸಿ. ಹಲ್ಲು ಕೂತು ಕೂತು ಗೆರೆ ಬಿದ್ದಿದ್ದರೆ, ಹಿಂದಿನ ಫ್ಲ್ಯಾಂಜ್ (ಬ್ಲೇಡಿನ ಬೆನ್ನಿಗೆ ತಡೆಯಾಗಿರುವ ಎತ್ತರದ ಅಂಚು) ಸವೆದು ಚಾಕುವಿನಂತಾಗಿದ್ದರೆ ಲೇತಿಗೆ ಹಾಕಿಸುವ ಖರ್ಚು ಸೇರಿಸಿ ಮಾತಾಡಿ. ಗೇರ್ ಬಾಕ್ಸಿನ ಆಯಿಲ್‌ನಲ್ಲಿ ಬೆರಳದ್ದಿ ಬಿಸಿಲಿಗೆ ಹಿಡಿಯಿರಿ. ಬಂಗಾರದ ಬಣ್ಣದ ಪುಡಿ ಮಿನುಗಿದರೆ ಒಳಗಿನ ಕಂಚಿನ ಗೇರು ಸವೆಯುತ್ತಿದೆ ಅಂತ ಅರ್ಥ. ಮೇಲಿನ ಚೌಕಟ್ಟನ್ನು ಅರ್ಧ ಎತ್ತಿ ಪಕ್ಕಕ್ಕೆ ಅಲ್ಲಾಡಿಸಿ, ಕೀಲಿನಲ್ಲಿ ಆಟ ಇದ್ದರೆ ಕಟ್ ಯಾವತ್ತೂ ನೇರ ಬರಲ್ಲ. ಮೋಟರ್ ತ್ರೀ ಫೇಸ್ ಆಗಿದ್ದರೆ ಹೆದರಬೇಡಿ. ನೇಮ್ ಪ್ಲೇಟಿನಲ್ಲಿ 230 ಡೆಲ್ಟಾ ಅಂತ ಇದ್ದರೆ ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಹಾಕಿ ಮನೆ ಕರೆಂಟಿನಲ್ಲೇ ಓಡಿಸಬಹುದು, ವೇಗ ಬದಲಿಸುವ ಸೌಲಭ್ಯ ಪುಕ್ಕಟೆ ಸಿಕ್ಕಂತಾಯಿತು. 25 ಹರ್ಟ್ಜ್‌ಗಿಂತ ಕೆಳಗೆ ಬಹಳ ಹೊತ್ತು ಓಡಿಸಬೇಡಿ, ಮೋಟರಿನ ಫ್ಯಾನೂ ನಿಧಾನವಾಗಿ ಮೋಟರ್ ಕಾಯುತ್ತದೆ.

ಹೋಗುವಾಗ 50 ಮಿ.ಮೀ. ರಾಡಿನ ತುಂಡು ಜೊತೆಗೆ ಒಯ್ದು ಅಲ್ಲೇ ಕೊಯ್ಸಿ ನೋಡಿ. ಬೇಡ ಅಂದರೆ ವಾಪಸ್ ಬನ್ನಿ.

ಕಟ್ಟೋದಾದರೆ

ದುಡ್ಡು ಉಳಿಸೋಕೆ ಅಂತ ಕಟ್ಟಬೇಡಿ, ಉಳಿಯಲ್ಲ. ಗುಜರಿಯಲ್ಲಿ ಗೇರ್ ಬಾಕ್ಸ್, ಮೋಟರ್ ಮೊದಲೇ ಸಿಕ್ಕಿದ್ದರೆ, ಪರಿಚಯದ ಟರ್ನರ್ (ಲೇತ್ ಕೆಲಸದವರು) ಇದ್ದರೆ, ಮತ್ತು ಕಟ್ಟೋದೇ ಖುಷಿ ಅನ್ನೋರಾದರೆ ಮಾತ್ರ ಕೈ ಹಾಕಿ.

ಚಕ್ರದಿಂದ ಶುರು ಮಾಡಿ. 300 ಮಿ.ಮೀ. ವ್ಯಾಸ, 16 ಮಿ.ಮೀ. ಪ್ಲೇಟಿನಲ್ಲಿ ಪ್ರೊಫೈಲ್ ಕಟಿಂಗ್ ಮಾಡಿಸಿದರೆ ಒಂದೊಂದು ಸುಮಾರು 9 ಕೆಜಿ ಬರುತ್ತದೆ. ಮೊದಲು ಹಬ್ ವೆಲ್ಡ್ ಮಾಡಿ, ಆಮೇಲೆ ಲೇತಿಗೆ ಕೊಡಿ. ಉಲ್ಟಾ ಮಾಡಿದರೆ ವೆಲ್ಡಿಂಗ್ ಬಿಸಿಗೆ ಚಕ್ರ ಸೊಟ್ಟಗಾಗುತ್ತದೆ. ನಡುವಿನ ಬೋರ್ ಮತ್ತು ಬ್ಲೇಡ್ ಕೂರುವ ಹೊರ ಅಂಚು ಎರಡನ್ನೂ ಚಕ್‌ನಿಂದ ಬಿಚ್ಚದೆ ಒಂದೇ ಸಲಕ್ಕೆ ತೆಗೀಬೇಕು ಅಂತ ಟರ್ನರ್‌ಗೆ ಬಾಯಿಬಿಟ್ಟು ಹೇಳಿ. ಹಿಂದೆ 3 ಮಿ.ಮೀ. ಎತ್ತರದ ಫ್ಲ್ಯಾಂಜ್ ಬಿಡಬೇಕು. 13 ಮಿ.ಮೀ. ಬ್ಲೇಡಿಗೆ ಕೂರುವ ಜಾಗದ ಅಗಲ 9–10 ಮಿ.ಮೀ. ಸಾಕು. ಬ್ಲೇಡಿನ ಬೆನ್ನು ಫ್ಲ್ಯಾಂಜ್ ಕಡೆಗಿರುತ್ತದೆ, ಹಲ್ಲು ಚಕ್ರದಿಂದ ಹೊರಗೆ ಚಾಚಿಕೊಂಡಿರುತ್ತದೆ. ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ಬಾಗಿರುತ್ತವಲ್ಲ, ಅವು ಚಕ್ರದ ಮೇಲೆ ಕೂತರೆ ಬಾಗು ಚಪ್ಪಟೆಯಾಗಿ ಬ್ಲೇಡ್ ಕಟ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಮರದ ಮೆಷೀನಿನ ಹಾಗೆ ರಬ್ಬರ್ ಟೈರ್ ಬೇಕಿಲ್ಲ.

ಬ್ಲೇಡಿನ ಉದ್ದ: ಎರಡು ಚಕ್ರದ ನಡುಬಿಂದುಗಳ ಅಂತರವನ್ನು ಎರಡು ಪಟ್ಟು ಮಾಡಿ, ಒಂದು ಚಕ್ರದ ಸುತ್ತಳತೆ ಕೂಡಿಸಿ. 710 ಮಿ.ಮೀ. ಅಂತರ ಇಟ್ಟರೆ 1420ಕ್ಕೆ 942 ಸೇರಿ 2362. ಅಂದರೆ 7×12ರ ಬ್ಲೇಡಿನ ಉದ್ದವೇ ಬಂತು. ಟೆನ್ಷನ್ ಕೊಡುವ ಚಕ್ರ ಹಿಂದೆ ಮುಂದೆ 15 ಮಿ.ಮೀ. ಸರಿಯುವಂತಿರಲಿ.

ಈಗ ಮನೆಯಲ್ಲಿ ಕಟ್ಟುವವರು ಬಹುತೇಕ ಕಡೆಗಣಿಸುವ ವಿಷಯ. ಬೈಮೆಟಲ್ ಬ್ಲೇಡಿಗೆ ಚದರ ಮಿ.ಮೀ.ಗೆ ಸುಮಾರು 20 ಕೆಜಿ ಬಿಗಿ ಬೇಕು. 13×0.65 ಬ್ಲೇಡಿನಲ್ಲಿ ಹಲ್ಲು ಬಿಟ್ಟರೆ ಉಳಿಯೋದು 7 ಚದರ ಮಿ.ಮೀ., ಅಂದರೆ 140 ಕೆಜಿ. ಚಕ್ರವನ್ನು ಎರಡು ಎಳೆ ಎಳೆಯುತ್ತವೆ, ಆಗ 280. ಬ್ಲೇಡ್ ಬಿಗಿದಿರುವಷ್ಟು ಹೊತ್ತೂ ಅಷ್ಟು ಭಾರ ಶಾಫ್ಟಿನ ತುದಿಯಲ್ಲಿ ನೇತಾಡಿದ ಹಾಗೆ. ಹಾಗಾಗಿ ಚಿಕ್ಕ ಗೇರ್ ಬಾಕ್ಸಿನ ಶಾಫ್ಟಿಗೇ ನೇರ ಚಕ್ರ ಸಿಕ್ಕಿಸಬೇಡಿ. ಬೇರೆ ಶಾಫ್ಟ್ ಹಾಕಿ, ಯುಸಿಪಿ 205 ಬೇರಿಂಗ್ ಬ್ಲಾಕ್ ಎರಡು ಕೂರಿಸಿ, ಗೇರ್ ಬಾಕ್ಸಿನಿಂದ ಚೈನ್ ಮೂಲಕ ತಿರುಗಿಸಿ. ಬೈಕಿನ 428 ಚೈನ್ ಅರ್ಧ ಇಂಚಿನ ಪಿಚ್ಚಿನದು, ಧಾರಾಳವಾಗಿ ತಡೆಯುತ್ತದೆ. ಸ್ಪ್ರಾಕೆಟ್ ಬದಲಿಸಿದರೆ ವೇಗವೂ ಬದಲಾಗುತ್ತದೆ. ಚೌಕಟ್ಟಿಗೆ ತೆಳು ಪೈಪ್ ಬೇಡ, 75ರ ಚಾನೆಲ್ ಹಾಕಿ.

ಗೈಡುಗಳು. ಕಟ್ ಆಗುವ ಜಾಗದ ಎರಡೂ ಕಡೆ ಮೂರು ಮೂರು 608 ಬೇರಿಂಗ್: ಎರಡು ಬ್ಲೇಡಿನ ಅಕ್ಕಪಕ್ಕ, ಒಂದು ಬೆನ್ನಿಗೆ. ಅಕ್ಕಪಕ್ಕದ ಎರಡರಲ್ಲಿ ಒಂದನ್ನು ಎಕ್ಸೆಂಟ್ರಿಕ್ ಬೋಲ್ಟಿನ ಮೇಲೆ ಕೂರಿಸಿ, ಬೋಲ್ಟ್ ತಿರುಗಿಸಿದರೆ ಬೇರಿಂಗ್ ಹತ್ತಿರ ದೂರ ಆಗಬೇಕು. ಅಡ್ಡ ಮೆಷೀನಿನಲ್ಲಿ ಚಕ್ರಗಳು ಓರೆಯಾಗಿರುತ್ತವೆ, ಈ ಗೈಡುಗಳೇ ಬ್ಲೇಡನ್ನು ತಿರುಚಿ ನೆಟ್ಟಗೆ ನಿಲ್ಲಿಸೋದು. ಇಲ್ಲಿ ಸಡಿಲ ಬಿಟ್ಟರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಕಟ್ ಓರೆಯೇ.

ಸ್ವಿಚ್ಚಿನ ವಿಷಯದಲ್ಲಿ ಜಿಪುಣತನ ಬೇಡ. ನಮ್ಮಲ್ಲಿ ಕರೆಂಟ್ ಹೋಗಿ ಬರೋದು ಮಾಮೂಲು. ಸಾದಾ ಸ್ವಿಚ್ ಹಾಕಿದ್ದರೆ, ಕರೆಂಟ್ ಹೋಯಿತು ಅಂತ ನೀವು ಬ್ಲೇಡ್ ಮುಟ್ಟಿಕೊಂಡು ನೋಡುತ್ತಿರುವಾಗ ಅದು ತಾನಾಗೇ ಶುರುವಾಗುತ್ತೆ. ಕರೆಂಟ್ ಹೋದರೆ ಬಿಟ್ಟುಕೊಳ್ಳುವ, ಮತ್ತೆ ಹಸಿರು ಬಟನ್ ಒತ್ತುವವರೆಗೂ ಶುರುವಾಗದ ಸ್ಟಾರ್ಟರ್ ಹಾಕಿ. ಕಟ್ ಮುಗಿದು ಚೌಕಟ್ಟು ಕೆಳಗೆ ಬಂದಾಗ ಆಫ್ ಮಾಡುವ ಲಿಮಿಟ್ ಸ್ವಿಚ್ಚೂ ಇದಕ್ಕೇ ಸೇರಿಸಬಹುದು. ಅರ್ತಿಂಗ್ ಕೊಡಿ. ಚಕ್ರಕ್ಕೆ ತಗಡಿನ ಮುಚ್ಚಳ ಇಲ್ಲದೆ ಓಡಿಸಬೇಡಿ.

ಸೆಟ್ಟಿಂಗ್

ಮೆಷೀನ್ ಕೊಂಡದ್ದಿರಲಿ, ಕಟ್ಟಿದ್ದಿರಲಿ, ಇದು ಎರಡಕ್ಕೂ ಒಂದೇ. ಹಲ್ಲಿನ ಮುಖ ಓಟದ ದಿಕ್ಕಿಗೆ ಇದೆಯಾ ನೋಡಿ ಬ್ಲೇಡ್ ಹಾಕಿ. ಬಿಗಿ ಅಳೆಯೋಕೆ ವರ್ನಿಯರ್ ಸಾಕು: ಬ್ಲೇಡ್ ಸುಮಾರಾಗಿ ನೇರವಾದ ಮೇಲೆ ವರ್ನಿಯರಿನ ಎರಡು ದವಡೆಯನ್ನೂ 150 ಮಿ.ಮೀ. ಅಂತರದಲ್ಲಿ ಚಿಕ್ಕ ಕ್ಲ್ಯಾಂಪುಗಳಿಂದ ಬ್ಲೇಡಿಗೇ ಕಚ್ಚಿಸಿ, ವರ್ನಿಯರಿನ ಸ್ಕ್ರೂ ಸಡಿಲ ಬಿಟ್ಟು, ಟೆನ್ಷನ್ ತಿರುಗಿಸುತ್ತಾ ಹೋಗಿ. 0.15 ಮಿ.ಮೀ. ಹಿಗ್ಗಿತು ಅಂದರೆ ಆ 20 ಕೆಜಿ ಲೆಕ್ಕ ಮುಟ್ಟಿತು. ಚಿಕ್ಕ ಮೆಷೀನುಗಳ ಚೌಕಟ್ಟು ಅಷ್ಟು ತಡೆಯದೆ ಬಾಗಬಹುದು, ಆಗ 0.1ಕ್ಕೆ ನಿಲ್ಲಿಸಿ.

ಆಮೇಲೆ ಕೈಯಲ್ಲಿ ಚಕ್ರ ತಿರುಗಿಸಿ. ಬ್ಲೇಡಿನ ಬೆನ್ನು ಫ್ಲ್ಯಾಂಜನ್ನು ಸವರಿಯೂ ಸವರದ ಹಾಗೆ ಓಡಬೇಕು. ಒತ್ತಿಕೊಂಡು ಓಡಿದರೆ ಬೆನ್ನು ಸವೆದು ಬಿರುಕು ಬಿಡುತ್ತದೆ. ಟೆನ್ಷನ್ ಚಕ್ರ ಓರೆ ಮಾಡುವ ಸ್ಕ್ರೂ ಇರುತ್ತಲ್ಲ, ಅದನ್ನು ಚೂರು ಚೂರೇ ತಿರುಗಿಸಿ ಸರಿಮಾಡಿ. ಗೈಡ್ ಬೇರಿಂಗುಗಳನ್ನು ಬ್ಲೇಡಿಗೆ ಮುಟ್ಟಿಸಿ, ಬೆರಳಲ್ಲಿ ತಿರುಗಿಸಿದರೆ ಬೇರಿಂಗ್ ತಿರುಗಬೇಕು, ಬ್ಲೇಡ್ ಅಲ್ಲಾಡಬಾರದು. ಮೂಲೆಮಟ್ಟ ಇಟ್ಟು ಬ್ಲೇಡ್ ಬೆಡ್ಡಿಗೆ ಲಂಬವಾಗಿದೆಯಾ ನೋಡಿ, ಅದೇ ಮೂಲೆಮಟ್ಟದಿಂದ ವೈಸ್‌ನ ಗಟ್ಟಿ ದವಡೆ ಬ್ಲೇಡಿಗೆ ಸರಿಯಾಗಿ ಅಡ್ಡ ಇದೆಯಾ ನೋಡಿ. ಪರೀಕ್ಷೆಗೆ 50 ಮಿ.ಮೀ. ರಾಡಿನಿಂದ ಒಂದು ಬಿಲ್ಲೆ ಕೊಯ್ದು, ಬಿಲ್ಲೆಯ ದಪ್ಪ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಳೆಯಿರಿ. ರಾಡಿನ ಮೊದಲ ತುದಿಯನ್ನು ಲೇತಿನಲ್ಲಿ ಫೇಸ್ ಮಾಡಿ (ಮಟ್ಟಸವಾಗಿ ಚಪ್ಪಟೆ ತೆಗೆದು) ಇಟ್ಟುಕೊಂಡಿದ್ದರೆ ಈ ಅಳತೆಗೆ ಅರ್ಥ. 0.2 ಮಿ.ಮೀ. ಒಳಗೆ ವ್ಯತ್ಯಾಸ ಬಂದರೆ ಮನೆ ಕೆಲಸಕ್ಕೆ ಬಹಳ ಚೆನ್ನಾಯಿತು. ಮೇಲೆ ಕೆಳಗೆ ವ್ಯತ್ಯಾಸ ಇದ್ದರೆ ಗೈಡ್ ನೋಡಿ, ಎಡ ಬಲದಲ್ಲಿದ್ದರೆ ವೈಸ್ ನೋಡಿ.

ಕೊಯ್ಯುವಾಗ

ಹೊಸ ಬ್ಲೇಡಿಗೆ ಮೊದಲ ಕೆಲವು ಕಟ್ ಅರ್ಧ ಭಾರದಲ್ಲಿ ಇಳಿಸಿ. ಹರಿತವಾದ ಹಲ್ಲಿನ ತುದಿ ಸ್ವಲ್ಪ ಹದವಾಗಬೇಕು, ಇಲ್ಲದಿದ್ದರೆ ಅದೇ ತುದಿ ಮುರಿದುಬಿಡುತ್ತದೆ. ಚೌಕಟ್ಟನ್ನು ಎತ್ತಿ ಮಾಲಿನ ಮೇಲೆ ಧೊಪ್ಪೆಂದು ಬಿಡಬೇಡಿ, ಮೋಟರ್ ಆನ್ ಆದ ಮೇಲೆ ಕೈಯಲ್ಲಿ ಹಿಡಿದು ಇಳಿಸಿ. ಇಳಿಯುವ ಭಾರಕ್ಕೆ ಎಳೆಯುವ ಸ್ಪ್ರಿಂಗ್ ಇರುತ್ತದೆ, ಕೆಲವಕ್ಕೆ ಹೈಡ್ರಾಲಿಕ್ ಸಿಲಿಂಡರ್. ಅದನ್ನು ಎಷ್ಟಕ್ಕೆ ಇಡೋದು ಅಂತ ಕೆಳಗೆ ಬೀಳುವ ಚೂರೇ ಹೇಳುತ್ತದೆ: ಬಿಡಿಬಿಡಿ ಸಣ್ಣ ಸುರುಳಿ ಬರುತ್ತಿದ್ದರೆ ಸರಿ ಇದೆ, ಹಿಟ್ಟಿನಂತೆ ನುಣ್ಣಗೆ ಬಂದರೆ ಭಾರ ಸಾಲದು, ದಪ್ಪಗೆ ನೀಲಿ ಬಣ್ಣಕ್ಕೆ ತಿರುಗಿದರೆ ಭಾರವೋ ವೇಗವೋ ಜಾಸ್ತಿ.

ಗೈಡ್ ತೋಳುಗಳನ್ನು ಮಾಲಿಗೆ ಎಷ್ಟು ಹತ್ತಿರ ತರಲು ಆಗುತ್ತೋ ಅಷ್ಟು ತನ್ನಿ. ಆಂಗಲ್ಲನ್ನು ಮನೆ ಮಾಡಿನ ಹಾಗೆ ಕವುಚಿ ಹಾಕಿ, ಆಗ 5 ಮಿ.ಮೀ. ದಪ್ಪದ ಕಾಲು ಓರೆಯಾಗಿ 7 ಮಿ.ಮೀ.ನಷ್ಟು ಸಿಗುತ್ತದೆ, ಹಲ್ಲಿಗೆ ಒಳ್ಳೇದು. ಚಿಕ್ಕ ತುಂಡು ವೈಸ್‌ನ ಒಂದೇ ಕಡೆ ಕಚ್ಚಿಸಿದರೆ ದವಡೆ ಓರೆಯಾಗಿ ಮಾಲು ಜಾರುತ್ತದೆ, ಇನ್ನೊಂದು ತುದಿಗೆ ಅಷ್ಟೇ ದಪ್ಪದ ತುಂಡು ಇಡಿ. ಬೀಡು ಕಬ್ಬಿಣಕ್ಕೆ ಯಾವ ಎಣ್ಣೆಯೂ ಬೇಡ. ದಪ್ಪ ಎಂಎಸ್, ಸ್ಟೇನ್‌ಲೆಸ್‌ಗೆ ನೀರಿನಲ್ಲಿ ಬೆರೆಸುವ ಕಟಿಂಗ್ ಆಯಿಲ್ ಹತ್ತು ಪಾಲು ನೀರಿಗೆ ಒಂದು ಪಾಲು. ಓಡುವ ಬ್ಲೇಡಿನ ಹತ್ತಿರ ಗ್ಲೌಸ್ ಹಾಕಬೇಡಿ, ಹಲ್ಲಿಗೆ ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಗ್ಲೌಸ್ ಬೇಕಾಗೋದು ಸುರುಳಿ ಸುತ್ತಿದ ಹೊಸ ಬ್ಲೇಡ್ ಬಿಚ್ಚುವಾಗ, ಅದು ಚಂಗನೆ ಹಾರಿ ಮುಖಕ್ಕೆ ಬರುತ್ತೆ. ಕನ್ನಡಕ ಎರಡೂ ಹೊತ್ತು ಬೇಕು.

ಕೆಲಸ ಮುಗಿದ ಮೇಲೆ ಟೆನ್ಷನ್ ಸಡಿಲ ಮಾಡಿಡಿ, ಬ್ಲೇಡಿಗೂ ಬೇರಿಂಗಿಗೂ ಒಳ್ಳೇದು. ಬ್ಲೇಡ್ ತುಂಡಾದರೆ ತುಂಡಾದ ಜಾಗ ನೋಡಿ. ವೆಲ್ಡಿಂಗ್ ಗಂಟಿನಲ್ಲೇ ಬಿಟ್ಟಿದ್ದು ಹಲ್ಲು ಇನ್ನೂ ಹರಿತವಾಗಿದ್ದರೆ ಅದೇ ಅಂಗಡಿಗೆ ಒಯ್ದು ಮತ್ತೆ ವೆಲ್ಡ್ ಮಾಡಿಸಬಹುದು, ಉದ್ದ ಕೆಲವು ಮಿ.ಮೀ. ಕಮ್ಮಿಯಾಗುತ್ತದೆ, ಆ 15 ಮಿ.ಮೀ. ಸರಿಯುವ ಜಾಗ ಬಿಟ್ಟಿದ್ದೇ ಇದಕ್ಕೆ. ಬೇರೆ ಕಡೆ ತುಂಡಾಗಿದ್ದು, ಹಲ್ಲಿನ ಬುಡದಲ್ಲಿ ಅಲ್ಲಲ್ಲಿ ಕೂದಲೆಳೆ ಬಿರುಕು ಕಾಣುತ್ತಿದ್ದರೆ ವೆಲ್ಡಿಂಗ್ ಕೂಲಿ ದಂಡ, ಹೊಸದು ಹಾಕಿ.